ಚಿತ್ರಪಟದ ಕೆಳಗೆ ಹೆಸರಿಲ್ಲ

ಕಳೆದ ಮಳೆಗಾಲದ ಒಂದು ಸಂಜೆ ನನಗೊಂದು ದೂರವಾಣಿ ಕರೆ ಬಂತು. "ಮಾಸ್ಟ್ರೆ, ಕುಂಭಾರಿಯಿಂದ ಮಾತಾಡುವುದು" ಎಂದಿತು ಆ ಕಡೆಯ ಸ್ವರ. ಮಳೆಯ ಸದ್ದಿನಲ್ಲಿ ನನಗೆ ಕುಂಬಳೆ ಎಂದು ಕೇಳಿಸಿತು. ಕುಂಬಳೆಯಿಂದಾದರೆ ದೂರವಾಣಿಯೇಕೆ, ಬಸ್ಸು ಹತ್ತಿ ಬಂದುಬಿಡಬಹುದಲ್ಲ ಎಂದೆ. ಆ ಕಡೆ ನಗು ಕೇಳಿಸಿತು. "ಕುಂಬಳೆ ಅಲ್ರೀ ಮಾರಾಯ್ರೆ, ಕುಂಭಾರಿ! ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಹೋಗುವ ರಸ್ತೆಯಲ್ಲಿ."

ಒಂದೇ ಉಸಿರಿನಲ್ಲಿ ಆ ಊರಿನ "ರೀ"ಯೂ ನಮ್ಮ ಊರಿನ "ಮಾರಾಯ್ರೆ"ಯೂ ಬಂದಾಗ ನನಗೆ ಗುರುತು ಹತ್ತಿತು. 1977ರಲ್ಲಿ ನಮ್ಮ ಊರಿನ ಕ್ಲಬ್ಬಿನ ಕಿರಿಯರ ತಂಡದಲ್ಲಿ ರೈಟ್ ಔಟ್ ಆಡುತ್ತಿದ್ದ ಹುಡುಗ ಅವನು. ಆಗ ಅವನಿಗೆ ಹದಿನೈದು ವರ್ಷ. ನಾನು ಶಾಲೆಯಲ್ಲಿ ಹೊಸದಾಗಿ ಮಾಸ್ತರನಾಗಿದ್ದೆ. ಆಡಲು ಬಾರದ್ದರಿಂದ ಕ್ಲಬ್ಬಿನ ಲೆಕ್ಕ ಬರೆಯುವ ಕೆಲಸವನ್ನು ನನ್ನ ತಲೆಗೆ ಕಟ್ಟಿದ್ದರು. ಆ ವರ್ಷ ಮಳೆ ಹಿಡಿಯುವ ಮೊದಲೇ ಅವನು ಊರು ಬಿಟ್ಟ. ಸೊಲ್ಲಾಪುರದಲ್ಲಿ ಹೋಟೆಲು ನಡೆಸುತ್ತಿದ್ದ ದೂರದ ಸಂಬಂಧಿಕರೊಬ್ಬರು ಬಂದಿದ್ದರು. ಮಂಗಳೂರು, ಹುಬ್ಬಳ್ಳಿವರೆಗೆ ಬಸ್ಸು, ಅಲ್ಲಿಂದ ಬಿಜಾಪುರದ ಮೇಲೆ ಹೋಗುವ ಮೀಟರ್ ಗೇಜ್ ರೈಲು. ಲೋಟ ತೊಳೆಯುವುದರಿಂದ ಆರಂಭಿಸಿ ಗಲ್ಲಾಪೆಟ್ಟಿಗೆಯವರೆಗೆ ಬಂದು, ಅಲ್ಲಿಯ ಕನ್ನಡದ ಮನೆಯೊಂದರಿಂದಲೇ ಹೆಣ್ಣು ತಂದು, ಅಲ್ಲಿಯವನೇ ಆಗಿಹೋದ. ನಮ್ಮ ಕನ್ನಡ ಕುಟುಂಬಗಳ ಎಷ್ಟು ಮಂದಿ ಮಕ್ಕಳ ಕಥೆ ಇದೇ ಅಲ್ಲವೇ?

ಕುಂಭಾರಿಯ ಹೆಸರು ನಮ್ಮವರಿಗೆ ಅಷ್ಟು ಪರಿಚಿತವಲ್ಲ. ದಕ್ಷಿಣ ಸೊಲ್ಲಾಪುರ ತಾಲೂಕಿನ ಊರು ಅದು. 1967ರಲ್ಲಿ ಮಹಾಜನ ಆಯೋಗವು ಚಂದ್ರಗಿರಿ ಹೊಳೆಯ ಉತ್ತರದ ನಮ್ಮ ಪ್ರದೇಶದ ಜತೆಗೆ ಅಕ್ಕಲಕೋಟೆಯೂ ದಕ್ಷಿಣ ಸೊಲ್ಲಾಪುರದ ಹಲವು ಹಳ್ಳಿಗಳೂ ಮೈಸೂರು ರಾಜ್ಯಕ್ಕೆ ಸೇರಬೇಕೆಂದು ಹೇಳಿತ್ತು. ಕೊನೆಗೆ ಅವರು ಮಹಾರಾಷ್ಟ್ರದಲ್ಲಿಯೇ ಉಳಿದರು, ನಾವು ಕೇರಳದಲ್ಲಿಯೇ ಉಳಿದೆವು. ಇನ್ನೊಂದು ಹೋಲಿಕೆಯೂ ಉಂಟು. ನಮ್ಮಲ್ಲಿ ಅವನ ತಾಯಿ ಬೀಡಿ ಕಟ್ಟಿ ಮಕ್ಕಳನ್ನು ಸಾಕಿದವರು. ಅಲ್ಲಿ ಅವನ ಹೆಂಡತಿಯೂ ಬೀಡಿ ಕಟ್ಟಿದವಳೇ. ಬೀಡಿ ಕಾರ್ಮಿಕ ಹೆಂಗಸರಿಗಾಗಿ ಕುಂಭಾರಿಯಲ್ಲಿ ಕಟ್ಟಿದ, ಗೋದೂತಾಯಿ ಪರುಳೇಕರ್ ಅವರ ಹೆಸರಿನ ವಸಾಹತಿನ 10,000 ಮನೆಗಳನ್ನು 2006ರಲ್ಲಿ ಅಂದಿನ ಪ್ರಧಾನಿ ಮನಮೋಹನ ಸಿಂಗರು ಹಸ್ತಾಂತರಿಸಿದರು. ಅವುಗಳಲ್ಲೊಂದು ಅವನ ಹೆಂಡತಿಯ ಪಾಲಿಗೂ ಬಂತು. ಅದೇ ಕುಂಭಾರಿಯ ರೇನಗರದಲ್ಲಿ 2024ರ ಜನವರಿಯಲ್ಲಿ ಇನ್ನೂ 15,000 ಮನೆಗಳು ಕಾರ್ಮಿಕರ ಕೈಸೇರಿದವು.

ಇಷ್ಟು ವರ್ಷಗಳ ಮೇಲೆ ಅವನು ಕರೆ ಮಾಡಿದ್ದು ಯಾವ ಸಹಾಯವನ್ನೂ ಕೇಳುವುದಕ್ಕಲ್ಲ. "ಮಾಸ್ಟ್ರೆ, ಕ್ಲಬ್ಬಿನ ಗೋಡೆಯಲ್ಲಿ ನಮ್ಮ ತಂಡದ ಫೋಟೊ ಈಗಲೂ ಉಂಟಾ? ಮೊಮ್ಮಗನಿಗೆ ಅಜ್ಜ ಫುಟ್ಬಾಲ್ ಆಡುತ್ತಿದ್ದ ಅಂದರೆ ನಂಬಂಗಿಲ್ರೀ. ಇಲ್ಲಿ ಎಲ್ಲ ಕ್ರಿಕೆಟ್ಟು, ಕಬಡ್ಡಿ. ಒಂದು ಪ್ರತಿ ಕಳಿಸಿಕೊಡಿ."

ಮರುದಿನವೇ ಹೋದೆ. ಫೋಟೊ ಇದ್ದದ್ದು ನಿಜ, ಕೇರಂ ಬೋರ್ಡಿನ ಮೇಲ್ಗಡೆ, ಕಳೆದ ವರ್ಷದ ಕ್ಯಾಲೆಂಡರಿನ ಮರೆಯಲ್ಲಿ. ಗಾಜಿನೊಳಗೆ ತೇವ ಹೋಗಿ ಒಂದು ಮೂಲೆ ಹಳದಿಯಾಗಿದೆ. ಆರು ಮಂದಿ ನಿಂತಿದ್ದಾರೆ, ಐದು ಮಂದಿ ಕುಳಿತಿದ್ದಾರೆ, ನಡುವೆ ಚೆಂಡು. ಹನ್ನೊಂದರಲ್ಲಿ ನಾಲ್ವರ ಕಾಲಲ್ಲಿ ಮಾತ್ರ ಬೂಟು. ಆ ಬೂಟೂ ಅವರವರದ್ದಲ್ಲ, ದೊಡ್ಡವರ ತಂಡದಿಂದ ಚಿತ್ರ ತೆಗೆಯುವುದಕ್ಕೆಂದು ಕೇಳಿ ತಂದದ್ದು. ಕೆಳಗೆ ಕಪ್ಪು ಪಟ್ಟಿಯಲ್ಲಿ ಬಿಳಿ ಅಕ್ಷರದಲ್ಲಿ ಕ್ಲಬ್ಬಿನ ಹೆಸರು, ಇಸವಿ. ಆಟಗಾರರ ಹೆಸರು ಒಂದೂ ಇಲ್ಲ. ಹೆಸರು ಬರೆಸಿದರೆ ಸ್ಟುಡಿಯೋದವನು ಹೆಚ್ಚು ಹಣ ಕೇಳುತ್ತಾನೆಂದು ಬೇಡವೆಂದದ್ದು ನಾನೇ. ಲೆಕ್ಕದ ಪುಸ್ತಕ ನನ್ನ ಕೈಯಲ್ಲಿತ್ತಲ್ಲ! ಹನ್ನೊಂದು ಹುಡುಗರ ಹೆಸರನ್ನು ಯಾರು ಮರೆಯುತ್ತಾರೆ ಎಂದು ಆಗ ಅನಿಸಿತ್ತು.

ಆ ದಿನಗಳಲ್ಲಿ ಮೈದಾನವೆಂಬುದು ನಮಗಿರಲಿಲ್ಲ. ಕೊಯ್ಲಾದ ಗದ್ದೆಯೇ ಮೈದಾನ, ಅಡಿಕೆ ಮರದ ಸಲಾಕೆಗಳೇ ಗೋಲು ಕಂಬ. ಭತ್ತದ ಕೂಳೆ ಬರಿಗಾಲಿಗೆ ಚುಚ್ಚುವುದು ಒಂದು ವಾರ, ಆಮೇಲೆ ಕಾಲು ಗಟ್ಟಿಯಾಗುತ್ತಿತ್ತು. ಚೆಂಡಿನ ಬ್ಲಾಡರಿಗೆ ಸೈಕಲ್ ಅಂಗಡಿಯಲ್ಲಿ ಗಾಳಿ, ತೂತಾದರೆ ಅಲ್ಲಿಯೇ ಪಂಕ್ಚರು. ನಾವಾಗ ಕಣ್ಣೂರು ಜಿಲ್ಲೆಯವರು, ಕಾಸರಗೋಡು ಜಿಲ್ಲೆಯಾದದ್ದು 1984ರಲ್ಲಿ. ತಂಡದ ಹನ್ನೊಂದು ಮಂದಿಯ ಮನೆಮಾತು ಲೆಕ್ಕ ಹಾಕಿದರೆ ಕನ್ನಡ, ತುಳು, ಮಲೆಯಾಳ, ಕೊಂಕಣಿ, ಬ್ಯಾರಿ ಎಲ್ಲವೂ ಇದ್ದವು. ಚೆಂಡು ಕೊಡು ಎಂದು ಕೂಗುವಾಗ ಯಾರ ಬಾಯಿಗೆ ಯಾವುದು ಬರುತ್ತದೋ ಅದು, ಬೈಯುವುದು ಮಾತ್ರ ಎಲ್ಲರೂ ತುಳುವಿನಲ್ಲಿ.

ಹೆಸರು ಹುಡುಕಲು ಕುಳಿತಾಗ ಗೊತ್ತಾಯಿತು, ನೆನಪೆಂಬುದು ಎಷ್ಟು ಸಣ್ಣ ಚೀಲವೆಂದು. ಐವರನ್ನು ನಾನೇ ಗುರುತಿಸಿದೆ. ಗೋಲು ಕಾಯುತ್ತಿದ್ದವನು ಈಗ ನಮ್ಮ ಪೇಟೆಯಲ್ಲೇ ಜಿನಸಿನ ಅಂಗಡಿ ಇಟ್ಟಿದ್ದಾನೆ. ಅವನು ಮತ್ತಿಬ್ಬರನ್ನು ಹೇಳಿದ. ಒಬ್ಬನನ್ನು ಅವನ ತಂಗಿ ಕಿವಿಯ ಆಕಾರದಿಂದ ಗುರುತಿಸಿದಳು. ಆ ಹುಡುಗ ಮುಂಬಯಿಗೆ ಹೋದವನು ಮರಳಿ ಬಂದಿಲ್ಲ. ಆಕೆ ಫೋಟೊವನ್ನು ಬಹಳ ಹೊತ್ತು ಕೆಳಗಿಡಲಿಲ್ಲ. ಅವನದ್ದು ಬೇರೆ ಚಿತ್ರವೇ ಮನೆಯಲ್ಲಿ ಇಲ್ಲವಂತೆ. ಅಲ್ಲಿಗೆ ಎಂಟಾಯಿತು, ಮೂವರು ಉಳಿದರು.

ಕುಂಭಾರಿಗೆ ವಾಟ್ಸಾಪಿನಲ್ಲಿ ಪ್ರತಿ ಹೋಯಿತು. ಎರಡು ದಿನ ಸುದ್ದಿಯಿಲ್ಲ. ಆಮೇಲೆ ರಾತ್ರಿ ಕರೆ ಬಂತು. ಮೊಮ್ಮಗ ನೋಡಿದ, ನಕ್ಕ, ನಂಬಿದ. ಇಷ್ಟು ಹೇಳಿ ಸುಮ್ಮನಾದ. ಮತ್ತೆ ಮೆಲ್ಲನೆ, "ಮಾಸ್ಟ್ರೆ, ಹೆಸರು ಕೇಳುವಾಗ ನನ್ನ ಬಗ್ಗೆ ಏನಾದರೂ ಅಂದರಾ? ಆ ಪೆನಾಲ್ಟಿಯ ಮಾತು?"

ನನಗೆ ಮೊದಲು ತಲೆಬುಡ ತಿಳಿಯಲಿಲ್ಲ. ಆ ವರ್ಷದ ಕಿರಿಯರ ಪಂದ್ಯಾಟದ ಕೊನೆಯ ಆಟದಲ್ಲಿ ನಮಗೆ ದೊರೆತ ಪೆನಾಲ್ಟಿಯನ್ನು ಅವನು ಕಂಬದ ಹೊರಗೆ ಹೊಡೆದಿದ್ದ. ನಾವು ಒಂದು ಗೋಲಿನಿಂದ ಸೋತೆವು. ಹದಿನೈದು ದಿನದಲ್ಲಿ ಅವನು ರೈಲು ಹತ್ತಿದ. ಊರಿನವರ ಮನಸ್ಸಿನಲ್ಲಿ ತಾನು ಉಳಿದದ್ದು ಆ ಒಂದು ಒದೆತದಿಂದ ಎಂದು ಐವತ್ತು ವರ್ಷಕ್ಕೆ ಹತ್ತಿರ ಅವನು ನಂಬಿಕೊಂಡಿದ್ದ. ಮದುವೆಗೆ, ತಾಯಿಯ ಬೊಜ್ಜಕ್ಕೆ ಬಂದಾಗಲೂ ಕ್ಲಬ್ಬಿನ ಕಡೆ ತಲೆ ಹಾಕದ್ದು ಅದಕ್ಕಾಗಿಯಂತೆ.

ನಾನು ಮಾಸ್ತರ. ಸಮಾಧಾನ ಹೇಳುವ ಬದಲು ಪಾಠ ಹೇಳಿಬಿಡುವುದು ನಮ್ಮ ಜಾತಿಯ ಚಟ. "ಮಾರಾಯ, ಲಂಡನ್ನಿನ ಕಥೆ ಗೊತ್ತುಂಟಾ ನಿನಗೆ?" ಎಂದೆ. 1948ರ ಜುಲೈ 31. ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಫುಟ್ಬಾಲ್ ಪಂದ್ಯ, ಎದುರಾಳಿ ಫ್ರಾನ್ಸ್. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಿನಲ್ಲಿ ಆಡಿದರು. ಭಾರತಕ್ಕೆ ಎರಡು ಪೆನಾಲ್ಟಿ ಸಿಕ್ಕಿತು, ಎರಡೂ ವ್ಯರ್ಥವಾದವು. ಕೊನೆಯ ಗಳಿಗೆಯ ಗೋಲಿನಿಂದ ಫ್ರಾನ್ಸ್ 2-1ರಲ್ಲಿ ಗೆದ್ದಿತು. ಪೆನಾಲ್ಟಿ ಕಳೆದವರಲ್ಲಿ ಒಬ್ಬರು ಶೈಲೇನ್ ಮನ್ನಾ. ಅದೇ ಮನ್ನಾ 1951ರಲ್ಲಿ ದಿಲ್ಲಿಯ ಏಷ್ಯನ್ ಕ್ರೀಡಾಕೂಟದಲ್ಲಿ ನಾಯಕರಾಗಿ ಚಿನ್ನ ಗೆದ್ದರು. ದೇಶ ಅವರನ್ನು ನೆನೆಯುವುದು ನಾಯಕನೆಂದು.

"ಆ ಒಂದು ಗೋಲು ಹೊಡೆದವರು ಯಾರು?" ಎಂದ ಅವನು.

ಬೆಂಗಳೂರಿನವರು ಎಂದೆ. ಅಲ್ಲಿಂದ ನಮ್ಮ ಮಾತು ಬೇರೆಯೇ ದಾರಿ ಹಿಡಿಯಿತು.

ಗೋಲು ಹೊಡೆದವರು ಸಾರಂಗಪಾಣಿ ರಾಮನ್. ಅದೇ ತಂಡದಲ್ಲಿ ಬೆಂಗಳೂರಿನ ಅಹಮದ್ ಖಾನರೂ ಇದ್ದರು. 1952ರಲ್ಲಿ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯ ನಮ್ಮನ್ನು 10-1ರಲ್ಲಿ ಬಗ್ಗುಬಡಿದಾಗ ಆ ಒಂದು ಗೋಲು ಅಹಮದ್ ಖಾನರದ್ದು. ಕಲ್ಕತ್ತೆಯ ಈಸ್ಟ್ ಬೆಂಗಾಲಿನಲ್ಲಿ "ಪಂಚಪಾಂಡವರು" ಎಂದು ಹೆಸರಾದ ಐವರು ಮುಂಚೂಣಿ ಆಟಗಾರರಲ್ಲಿ ಅವರೊಬ್ಬರು. ಅದೇ ಐವರಲ್ಲಿ ಕೇರಳದ ಸಾಲೇ ಅವರೂ ಇದ್ದರು ಎಂಬುದು ನಮ್ಮ ಜಿಲ್ಲೆಯವರು ನೆನಪಿಡಬೇಕಾದ ಸಂಗತಿ. ಅದಕ್ಕೂ ಹಿಂದೆ, 1937ರಲ್ಲಿ, ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದ ಮೊದಲ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್. ಮರುವರ್ಷವೂ ಅವರೇ ಗೆದ್ದರು. ಸಂತೋಷ್ ಟ್ರೋಫಿಯನ್ನು ಮೈಸೂರು ರಾಜ್ಯ ನಾಲ್ಕು ಬಾರಿ ಗೆದ್ದಿತು, ಕೊನೆಯದು 1968-69ರಲ್ಲಿ.

ಈ ಹುಡುಗರೆಲ್ಲ ಬಂದದ್ದೆಲ್ಲಿಂದ? ಹೆಚ್ಚಿನವರು ಬೆಂಗಳೂರು ದಂಡಿನ ಪ್ರದೇಶದಿಂದ. ಬ್ರಿಟಿಷ್ ಪಲ್ಟನ್ನುಗಳು ಆಡುವುದನ್ನು ಬೇಲಿಯ ಹೊರಗೆ ನಿಂತು ನೋಡಿದವರ ಮಕ್ಕಳು. ಹಲಸೂರು, ಆಸ್ಟಿನ್ ಟೌನ್ ಕಡೆಯ ಓಣಿಗಳ ತಮಿಳು ಮಾತಿನವರು, ಉರ್ದು ಮಾತಿನವರು. ಅಂದರೆ ಕನ್ನಡ ನಾಡಿನೊಳಗಿನ ಭಾಷಾ ಅಲ್ಪಸಂಖ್ಯಾತರು. ಕೆಂಪಯ್ಯನವರಂಥ ಕನ್ನಡದ ಹೆಸರೂ ಇಲ್ಲದಿಲ್ಲ. 1956ರ ಮೆಲ್ಬೋರ್ನಿನಲ್ಲಿ ಭಾರತ ನಾಲ್ಕನೆಯ ಸ್ಥಾನಕ್ಕೆ ಬಂದಾಗ ಅವರು ಹಾಫ್ ಬ್ಯಾಕ್. ಆದರೆ ಒಟ್ಟಿನಲ್ಲಿ ಈ ಆಟದ ಬಗ್ಗೆ ಕನ್ನಡದಲ್ಲಿ ಬರೆದದ್ದು ಕಡಿಮೆ. ಮೈಸೂರಿನ ಹೆಸರನ್ನು ಎದೆಯ ಮೇಲೆ ಹೊತ್ತು ಆಡಿದವರನ್ನು ಮನೆಮಾತು ಬೇರೆಯೆಂದು ನಾವು ಪಕ್ಕದ ಮನೆಯವರಂತೆ ನೋಡಿದೆವೋ ಏನೋ. ಇಲ್ಲಿ ಕೇರಳದಲ್ಲಿ ಪಕ್ಕದ ಮನೆಯವರಾಗಿ ಕುಳಿತು ಯೋಚಿಸುವಾಗ ನನಗೆ ಅದು ಸ್ವಲ್ಪ ಚುಚ್ಚುತ್ತದೆ.

ಹಲಸೂರಿನ ಬಳಿ ಗೌತಮಪುರವೆಂಬ ಬಡಾವಣೆಯಿದೆ. ಅಲ್ಲಿ ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ ಇವರ ಸಾಲಿನಲ್ಲಿ ಬ್ರೆಜಿಲಿನ ಪೆಲೆಯ ಪ್ರತಿಮೆಯನ್ನೂ ನಿಲ್ಲಿಸಿದ್ದಾರೆ. ವಿಶ್ವಕಪ್ಪು ಬಂದರೆ ಓಣಿಯೇ ಹಳದಿಯಾಗುತ್ತದೆ. ಪೆಲೆಗೆ ಪ್ರತಿಮೆ ಬೇಕಾದದ್ದೇ. ಆದರೆ ಅದೇ ಓಣಿಗಳಲ್ಲಿ ಕಿರಿಯರ ತಂಡದವರೆಗೆ ಬಂದು, ಅಲ್ಲಿಂದ ಕಾರ್ಖಾನೆಗೋ ಗ್ಯಾರೇಜಿಗೋ ಹೋಗಿಬಿಟ್ಟ ನೂರಾರು ಹುಡುಗರು? ಅಹಮದ್ ಖಾನರಿಗೆ ಬಾಲ್ಯದಲ್ಲಿ ಚೆಂಡು ಕೊಟ್ಟವರೂ, ಅವರಿಂದ ಚೆಂಡು ಕಸಿದವರೂ ಇರಲೇಬೇಕಲ್ಲ! ಹನ್ನೊಂದು ಮಂದಿ ಇಲ್ಲದೆ ಆಟವೇ ಇಲ್ಲ.

ನಮ್ಮ ಫೋಟೊದ ವರ್ಷವೇ, 1977ರಲ್ಲಿ, ಮೊದಲ ಫೆಡರೇಶನ್ ಕಪ್ ನಡೆದದ್ದು ಎರ್ನಾಕುಲಂನಲ್ಲಿ. ಅಂತಿಮ ಪಂದ್ಯದಲ್ಲಿ ಬೆಂಗಳೂರಿನ ಐ.ಟಿ.ಐ. ತಂಡ ಮೋಹನ್ ಬಾಗಾನನ್ನು 1-0ರಲ್ಲಿ ಸೋಲಿಸಿತು. ದೂರವಾಣಿ ಯಂತ್ರ ಮಾಡುವ ಕಾರ್ಖಾನೆಯ ನೌಕರರು ದೇಶದ ದೊಡ್ಡ ಕ್ಲಬ್ಬನ್ನು ಸೋಲಿಸಿದರೆಂದು ನಾನು ನಮ್ಮ ಹುಡುಗರಿಗೆ ಪತ್ರಿಕೆ ಓದಿ ಹೇಳಿದ್ದೆ. ಅದೇ ಸೆಪ್ಟೆಂಬರಿನಲ್ಲಿ ಮೋಹನ್ ಬಾಗಾನ್ ಪೆಲೆಯ ಕಾಸ್ಮೋಸ್ ಜತೆ ಕಲ್ಕತ್ತೆಯಲ್ಲಿ 2-2ರ ಸಮ ಮಾಡಿಕೊಂಡಿತು. ಆ ಸುದ್ದಿ ಬರುವಾಗ ನಮ್ಮ ರೈಟ್ ಔಟ್ ಸೊಲ್ಲಾಪುರದಲ್ಲಿ ಲೋಟ ತೊಳೆಯುತ್ತಿದ್ದ. ಹೋಟೆಲಿನ ರೇಡಿಯೋದಲ್ಲಿ ಪೆಲೆಯ ಹೆಸರು ಕೇಳಿ ಅತ್ತುಬಿಟ್ಟೆ ಎಂದು ಅವನು ಈಗ ಹೇಳಿದ.

2023ರ ಮಾರ್ಚ್ 4ರಂದು ಸೌದಿಯ ರಿಯಾದಿನಲ್ಲಿ ಕರ್ನಾಟಕ 54 ವರ್ಷಗಳ ಬಳಿಕ ಸಂತೋಷ್ ಟ್ರೋಫಿಯನ್ನು ಮತ್ತೆ ಗೆದ್ದಿತು, ಮೇಘಾಲಯದ ಎದುರು 3-2ರಿಂದ. ಗೋಲು ಹೊಡೆದವರು ಸುನಿಲ್ ಕುಮಾರ್, ಬೇಕಿ ಓರಾಂ, ರಾಬಿನ್ ಯಾದವ್. ಹೆಸರು ಕೇಳಿದರೇ ಗೊತ್ತಾಗುತ್ತದೆ, ಆ ತಂಡವೂ ನಾನಾ ಕಡೆಯ ಮನೆಗಳದ್ದೇ. ನಮ್ಮ ಜಿಲ್ಲೆಯ ತ್ರಿಕ್ಕರಿಪುರದ ಮಹಮ್ಮದ್ ರಾಫಿ ಭಾರತಕ್ಕೆ ಆಡಿದವರು. 2016ರ ಐ.ಎಸ್.ಎಲ್. ಅಂತಿಮ ಪಂದ್ಯದಲ್ಲಿ ಕೊಚ್ಚಿಯಲ್ಲಿ ಅವರು ತಲೆಯಿಂದ ಹೊಡೆದ ಗೋಲನ್ನು ಚಂದ್ರಗಿರಿಯ ಈಚೆಗೂ ಆಚೆಗೂ ಜನ ನೋಡಿ ಕುಣಿದರು. ಆ ಪಂದ್ಯವೂ ಪೆನಾಲ್ಟಿಗಳಲ್ಲಿಯೇ ಸೋತದ್ದು.

ಪಾಠ ಮುಗಿಸಿ ಮರುದಿನ ಗೋಲು ಕಾಯುತ್ತಿದ್ದವನ ಅಂಗಡಿಗೆ ಹೋಗಿ, ಆ ಕೊನೆಯ ಆಟದ ಪೆನಾಲ್ಟಿ ನೆನಪುಂಟಾ ಎಂದು ಕೇಳಿದೆ. ಬೆಲ್ಲ ತೂಗುತ್ತಾ ಸ್ವಲ್ಪ ಯೋಚಿಸಿದ. "ಪೆನಾಲ್ಟಿ ಇತ್ತಾ ಮಾಸ್ಟ್ರೆ? ನನಗೆ ನೆನಪಿರುವುದು ನಾನು ಬಿಟ್ಟ ಗೋಲು. ಕೈಯಿಂದ ಜಾರಿ ಹೋಯಿತು. ಅದಕ್ಕಲ್ಲವಾ ನಾವು ಸೋತದ್ದು?"

ಇದನ್ನು ಕುಂಭಾರಿಗೆ ತಿಳಿಸಿದೆ. ಬಹಳ ಹೊತ್ತು ಉತ್ತರ ಬರಲಿಲ್ಲ. ಆಮೇಲೆ, "ಅವನ ನಂಬರು ಕೊಡ್ರೀ ಮಾಸ್ಟ್ರೆ" ಎಂದ. ಬರುವ ಬೇಸಿಗೆಯಲ್ಲಿ ಮೊಮ್ಮಗನನ್ನು ಕರೆದುಕೊಂಡು ಊರಿಗೆ ಬರುತ್ತಾನಂತೆ.

ಫೋಟೊವನ್ನು ಗೋಡೆಯಿಂದ ಇಳಿಸಿ ಹೊಸ ಚೌಕಟ್ಟಿಗೆ ಕೊಟ್ಟಿದ್ದೇವೆ. ಈ ಬಾರಿ ಕೆಳಗೆ ಹೆಸರು ಬರೆಸುವುದು. ಎಂಟು ಹೆಸರು ಸಿದ್ಧವಿದೆ. ಎಲ್ಲರ ಮನೆಯವರನ್ನು ಇನ್ನೂ ಕೇಳಿಲ್ಲವಾದ್ದರಿಂದ ಇಲ್ಲಿ ಅಚ್ಚು ಹಾಕಿಸುವುದಿಲ್ಲ. ಗುರುತು ಸಿಗದೆ ಉಳಿದವರು ಮೂವರು: ನಿಂತವರಲ್ಲಿ ಎಡದಿಂದ ಎರಡನೆಯವನು, ಕೈಗೆ ಗಡಿಯಾರ ಕಟ್ಟಿದ್ದಾನೆ. ಕುಳಿತವರಲ್ಲಿ ಎಡದ ತುದಿಯವನು, ಬಲ ಮೊಣಕಾಲಿಗೆ ಬಟ್ಟೆ ಸುತ್ತಿದೆ. ನಿಂತವರಲ್ಲಿ ಬಲದ ತುದಿಯ ತೆಳ್ಳನೆಯ ಹುಡುಗ ಕ್ಯಾಮರಾ ಬಿಟ್ಟು ಬೇರೆಲ್ಲೋ ನೋಡುತ್ತಿದ್ದಾನೆ. ಕುಂಬಳೆಗೂ ಕಾಸರಗೋಡಿಗೂ ನಡುವಿನ ಊರುಗಳಲ್ಲಿ 1977ರ ಸುಮಾರಿಗೆ ಗದ್ದೆಯಲ್ಲಿ ಚೆಂಡಾಡಿದ ಅಣ್ಣನೋ ಮಾವನೋ ನಿಮ್ಮ ಮನೆಯಲ್ಲಿದ್ದರೆ ಪತ್ರಿಕೆಯ ಕಚೇರಿಗೆ ಒಂದು ಮಾತು ತಿಳಿಸಿ. ಚೌಕಟ್ಟಿನವನಿಗೆ ಆ ಮೂರು ಜಾಗ ಖಾಲಿ ಬಿಡಲು ಹೇಳಿದ್ದೇವೆ.