ಕಂಬಳಿಯಲ್ಲಿ ಬಿಸಿ ಇದೆಯೇ?

ಒಂದು ಕಂಬಳಿಯನ್ನು ಖಾಲಿ ಮಂಚದ ಮೇಲೆ ರಾತ್ರಿಯಿಡೀ ಹಾಸಿಡಿ. ಬೆಳಗ್ಗೆ ಅದರ ಅಡಿಯಲ್ಲಿ ಥರ್ಮಾಮೀಟರ್ ಇಟ್ಟು ನೋಡಿ. ಕೋಣೆಯಲ್ಲಿ ಎಷ್ಟು ಉಷ್ಣತೆ ಇದೆಯೋ ಅಲ್ಲಿಯೂ ಅಷ್ಟೇ ಇರುತ್ತದೆ. ಕಂಬಳಿಗೆ ಸ್ವಂತ ಶಾಖವಿಲ್ಲ. ಹೊದ್ದವರ ಮೈಯ ಶಾಖವನ್ನೇ ತಡೆಹಿಡಿದು ಅವರಿಗೆ ಉಳಿಸಿಕೊಡುವುದು ಮಾತ್ರ ಅದರ ಕೆಲಸ.

ಪರೀಕ್ಷೆಯಲ್ಲಿ ಇದು ಎರಡು ಅಂಕದ ಪ್ರಶ್ನೆ. 2005ರ ಚಳಿಗಾಲದಲ್ಲಿ ಇದೇ ಪ್ರಶ್ನೆ ಕಾಶ್ಮೀರದ ಬೆಟ್ಟಗಳಲ್ಲಿ ಲಕ್ಷಾಂತರ ಜನರ ಪ್ರಾಣದ ಪ್ರಶ್ನೆಯಾಯಿತು.

ಆ ವರ್ಷದ ಅಕ್ಟೋಬರ್ 8ರ ಬೆಳಗ್ಗೆ ಮುಜಫರಾಬಾದ್ ಸಮೀಪ 7.6 ಪ್ರಮಾಣದ ಭೂಕಂಪವಾಯಿತು. ನಿಯಂತ್ರಣ ರೇಖೆಯ ಆಚೆ 70,000ಕ್ಕೂ ಹೆಚ್ಚು ಜನ ಸತ್ತರು. ಈಚೆ, ಉರಿ ಮತ್ತು ತಂಗಧಾರ್ ಸುತ್ತಮುತ್ತ ಸುಮಾರು 1,300 ಜನ ಸತ್ತರು. ಮನೆ ಕಳೆದುಕೊಂಡವರು ಸುಮಾರು 30 ಲಕ್ಷ. ಗಾಯಾಳುಗಳನ್ನು ಹೊತ್ತು ತರುವಷ್ಟರಲ್ಲೇ ಮತ್ತೊಂದು ಭಯ ಎದುರಾಯಿತು. ಹಿಮ ಬೀಳಲು ಕೆಲವೇ ವಾರಗಳು ಉಳಿದಿದ್ದವು.

ಸಮುದ್ರಮಟ್ಟದಿಂದ ಮೇಲೇರಿದಂತೆ ಪ್ರತಿ 1,000 ಮೀಟರಿಗೆ ಉಷ್ಣತೆ ಸುಮಾರು ಆರೂವರೆ ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಬೆಂಗಳೂರು ಇರುವುದು ಸುಮಾರು 3,000 ಅಡಿ ಎತ್ತರದಲ್ಲಿ. ಅಲ್ಲಿಯ ಡಿಸೆಂಬರ್ ಚಳಿಗೇ ನಾವು ಸ್ವೆಟರ್ ಹುಡುಕುತ್ತೇವೆ. ಭೂಕಂಪದಲ್ಲಿ ನೊಂದ ಅನೇಕ ಹಳ್ಳಿಗಳು 5,000 ಅಡಿಗಿಂತ ಮೇಲಿದ್ದವು. ಮೇಲಾಗಿ ಅವು ಸಮಭಾಜಕ ವೃತ್ತದಿಂದ ಬಹು ದೂರ, ಉತ್ತರಕ್ಕೆ ಇವೆ.

ಮೊದಲು ಹೋದದ್ದು ಡೇರೆಗಳು. ಪಾಕಿಸ್ತಾನವು ಪ್ರಪಂಚದ ದೊಡ್ಡ ಡೇರೆ ತಯಾರಕ ದೇಶಗಳಲ್ಲೊಂದು. ಆದರೂ ಡೇರೆಗಳು ಸಾಲಲಿಲ್ಲ. ಬಂದವುಗಳಲ್ಲಿ ಹೆಚ್ಚಿನವು ಒಂದೇ ಪದರದ ಬಟ್ಟೆಯವು, ಚಳಿಗಾಲಕ್ಕೆ ಹೊಂದದಂಥವು. ಹೊಸದಾಗಿ ಬಿದ್ದ ಹಿಮ ಒಂದು ಘನಮೀಟರಿಗೆ ಸುಮಾರು 100 ಕಿಲೋ ತೂಗುತ್ತದೆ ಎಂದುಕೊಳ್ಳಿ. ನಾಲ್ಕು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲದ ಮಾಡಿನ ಮೇಲೆ ಒಂದು ಅಡಿ ಹಿಮ ನಿಂತರೆ ಭಾರ ಎಷ್ಟಾಯಿತು? ಹೆಚ್ಚುಕಡಿಮೆ ಅರ್ಧ ಟನ್ನು. ಇಷ್ಟು ಭಾರವನ್ನು ಬಟ್ಟೆ ಮತ್ತು ಎರಡು ಕಂಬಗಳು ಹೊರಬೇಕು.

ಮೂರು ಲೋಟಗಳ ಪ್ರಯೋಗ

ಮೈಯ ಶಾಖ ಹೇಗೆ ಸೋರಿಹೋಗುತ್ತದೆ? ಇದನ್ನು ಮನೆಯಲ್ಲೇ ಮಾಡಿ ನೋಡಬಹುದು. ಒಂದೇ ಅಳತೆಯ ಮೂರು ಸ್ಟೀಲ್ ಲೋಟಗಳಿಗೆ ಒಂದೇ ಪ್ರಮಾಣದ ಬಿಸಿನೀರು ಹಾಕಿ. ಮೊದಲನೆಯದನ್ನು ಹಾಗೆಯೇ ಬಿಡಿ. ಎರಡನೆಯದಕ್ಕೆ ಒಣ ಉಣ್ಣೆಬಟ್ಟೆ ಸುತ್ತಿ. ಮೂರನೆಯದಕ್ಕೆ ಒದ್ದೆ ಬಟ್ಟೆ ಸುತ್ತಿ ಗಾಳಿಗೆ ಇಡಿ. ಅರ್ಧ ಗಂಟೆಯ ನಂತರ ಥರ್ಮಾಮೀಟರ್ ಅದ್ದಿ. ಒಣ ಬಟ್ಟೆಯ ಲೋಟ ಹೆಚ್ಚು ಬಿಸಿ ಉಳಿಸಿಕೊಂಡಿರುತ್ತದೆ. ಒದ್ದೆ ಬಟ್ಟೆಯದು ಬರಿಯ ಲೋಟಕ್ಕಿಂತಲೂ ಬೇಗ ತಣಿದಿದ್ದರೆ ಆಶ್ಚರ್ಯಪಡಬೇಡಿ. ಮಣ್ಣಿನ ಹೂಜಿಯ ನೀರು ತಂಪಾಗುವುದೂ ಇದೇ ಕಾರಣಕ್ಕೆ: ಆವಿಯಾಗುವ ನೀರು ಶಾಖವನ್ನು ಹೀರಿಕೊಂಡು ಹೋಗುತ್ತದೆ.

ಉಣ್ಣೆ ಬೆಚ್ಚಗಿಡುವುದು ಅದರ ಎಳೆಗಳ ನಡುವೆ ಸಿಕ್ಕಿಬಿದ್ದ ಗಾಳಿಯಿಂದ. ನಿಶ್ಚಲ ಗಾಳಿ ಶಾಖದ ಬಹಳ ಕೆಟ್ಟ ವಾಹಕ. ನೀರು ಅದಕ್ಕಿಂತ ಇಪ್ಪತ್ತಕ್ಕೂ ಹೆಚ್ಚು ಪಟ್ಟು ಸುಲಭವಾಗಿ ಶಾಖವನ್ನು ಸಾಗಿಸುತ್ತದೆ. ಆದ್ದರಿಂದ ಚಳಿಗಾಲದ ಪರಿಹಾರದ ಮೊದಲ ಮಾತು, ಒಣಗಿರುವುದು. ಎರಡನೆಯದು, ಗಾಳಿ ಬೀಸದಂತೆ ತಡೆಯುವುದು. ಮೂರನೆಯದು, ನೆಲ. ಮೇಲೆ ಎರಡು ಕಂಬಳಿ ಹೊದ್ದು ತಣ್ಣನೆಯ ಹಸಿನೆಲದ ಮೇಲೆ ಮಲಗಿದರೆ ಶಾಖ ಬೆನ್ನಿನ ಮೂಲಕ ಭೂಮಿಗೆ ಇಳಿದುಹೋಗುತ್ತದೆ. ಒಂದು ಕಂಬಳಿಯನ್ನು ಕೆಳಗೆ ಹಾಕಬೇಕು, ಇಲ್ಲವೇ ಹುಲ್ಲು ಹರಡಿ ಅದರ ಮೇಲೆ ಚಾಪೆ ಹಾಸಬೇಕು.

ದೂರದರ್ಶನದವರಾದ ನಮ್ಮ ತಪ್ಪನ್ನೂ ಇಲ್ಲಿ ಒಪ್ಪಿಕೊಳ್ಳಬೇಕು. ಲಾರಿಯ ಮೇಲಿಂದ ಕಂಬಳಿ ಹಂಚುವ ದೃಶ್ಯ ತೆರೆಯ ಮೇಲೆ ಚೆನ್ನಾಗಿ ಕಾಣುತ್ತದೆ. ನೆಲಕ್ಕೆ ಹಾಸಿದ ಚಾಪೆ ಕಾಣುವುದೇ ಇಲ್ಲ. ನೋಡುವವರು ತಾವು ಕಂಡದ್ದನ್ನೇ ಕಳುಹಿಸುತ್ತಾರೆ.

ಯಾರಿಗೆ ಮೊದಲು?

ಒಂದು ಅಡಿ ಮಗ್ಗುಲಿನ ಘನದ ಹೊರಮೈ 6 ಚದರಡಿ, ಗಾತ್ರ 1 ಘನ ಅಡಿ. ಎರಡು ಅಡಿ ಮಗ್ಗುಲಿನ ಘನದ ಹೊರಮೈ 24, ಗಾತ್ರ 8. ಎಂದರೆ ಚಿಕ್ಕ ವಸ್ತುವಿಗೆ ತನ್ನ ಗಾತ್ರಕ್ಕೆ ಹೋಲಿಸಿದರೆ ಹೊರಮೈ ಹೆಚ್ಚು. ಶಾಖ ಹೊರಹೋಗುವುದು ಹೊರಮೈಯಿಂದ. ಹಸುಗೂಸು ದೊಡ್ಡವರಿಗಿಂತ ಬೇಗ ತಣಿಯುವುದು ಇದಕ್ಕೇ. ವಯಸ್ಸಾದವರಲ್ಲಿ ಶಾಖ ಉತ್ಪಾದಿಸುವ ಶಕ್ತಿಯೇ ಕುಂದಿರುತ್ತದೆ. ದೇಹದ ಒಳಗಿನ ಉಷ್ಣತೆ 35 ಡಿಗ್ರಿಗಿಂತ ಕೆಳಗಿಳಿದರೆ ಅಪಾಯ ಆರಂಭವಾಯಿತೆಂದೇ ಅರ್ಥ. ಆಮೇಲೆ ಬುದ್ಧಿ ಮಂಕಾಗುತ್ತದೆ. ತನಗೆ ಅಪಾಯವಿದೆ ಎಂಬುದೂ ಆ ವ್ಯಕ್ತಿಗೆ ತಿಳಿಯುವುದಿಲ್ಲ.

ಬೆಟ್ಟದ ಜನ ಕೆಳಗಿಳಿದು ಶಿಬಿರಕ್ಕೆ ಬರಬಹುದಿತ್ತಲ್ಲ ಎಂದು ನೀವು ಕೇಳಬಹುದು. ಅನೇಕರು ಬಂದರು. ಆದರೆ ದನಕರು, ಕೂಡಿಟ್ಟ ಮೇವು, ಹೊಲ ಇವನ್ನೆಲ್ಲ ಬಿಟ್ಟು ಬಂದರೆ ವಸಂತದಲ್ಲಿ ಬದುಕುವುದು ಯಾವುದರಿಂದ? ಆದ್ದರಿಂದ ಉಳಿದವರೂ ಬಹಳ. ಅವರಿಗಾಗಿ ರೂಪುಗೊಂಡದ್ದು 'ಒಂದು ಬೆಚ್ಚನೆಯ ಕೋಣೆ' ಎಂಬ ಉಪಾಯ. ಇಡೀ ಮನೆ ಈಗ ಬೇಡ. ಬಿದ್ದ ಮನೆಯ ತೊಲೆ, ಕಲ್ಲುಗಳನ್ನೇ ಬಳಸಿ, ಮೇಲೆ ಇಳಿಜಾರಾಗಿ ತಗಡು ಹೊದಿಸಿ ಒಂದೇ ಕೋಣೆ ಕಟ್ಟುವುದು. ತಗಡು, ಮೊಳೆ, ಸುತ್ತಿಗೆ, ಗರಗಸಗಳನ್ನು ಮೇಲಕ್ಕೆ ಸಾಗಿಸಲಾಯಿತು. ಇಂಥ ಒಂದು ಕಾರ್ಯಾಚರಣೆಗೆ 'ಆಪರೇಷನ್ ವಿಂಟರ್ ರೇಸ್', ಎಂದರೆ ಚಳಿಗಾಲದೊಡನೆ ಓಟ, ಎಂದೇ ಹೆಸರಿತ್ತು. ಉರಿ, ತಂಗಧಾರ್ ಕಡೆಯೂ ತಗಡಿನ ತಾತ್ಕಾಲಿಕ ಆಸರೆಗಳು ಎದ್ದವು. ಕಟ್ಟಿಕೊಳ್ಳಲು ಕೈಲಾಗದ ವಿಧವೆಯರು, ವೃದ್ಧರು, ಗಾಯಗೊಂಡವರ ಮನೆಗಳಿಗೆ ಬರಿಯ ತಗಡು ಕೊಟ್ಟರೆ ಸಾಲದು, ಕಟ್ಟಿಕೊಡುವ ಕೈಗಳೂ ಬೇಕು.

ತಗಡು ಶಾಖದ ಒಳ್ಳೆಯ ವಾಹಕವಲ್ಲವೇ? ಹೌದು. ಅದಕ್ಕೇ ಅದರ ಕೆಳಗೆ ಹುಲ್ಲು ಅಥವಾ ಪ್ಲಾಸ್ಟಿಕ್ ಹಾಳೆಯ ಪದರ ಬೇಕು, ನಡುವೆ ಗಾಳಿ ಸಿಕ್ಕಿಕೊಳ್ಳಬೇಕು. ಇನ್ನು ಕೋಣೆ ಒಂದೇ ಏಕೆ? ಸುಮ್ಮನೆ ಕುಳಿತ ವಯಸ್ಕರೊಬ್ಬರ ದೇಹ ಸುಮಾರು 100 ವಾಟ್ ಶಾಖ ಹೊರಸೂಸುತ್ತದೆ. ನಾಲ್ವರು ಒಟ್ಟಿಗಿದ್ದರೆ 400 ವಾಟ್, ಒಂದು ಸಣ್ಣ ಹೀಟರಿನಷ್ಟು. ಕೋಣೆ ಚಿಕ್ಕದಿದ್ದಷ್ಟೂ ಆ ಶಾಖ ಉಪಯೋಗಕ್ಕೆ ಬರುತ್ತದೆ.

ಒಂದು ಎಚ್ಚರಿಕೆ. ಮುಚ್ಚಿದ ಡೇರೆಯಲ್ಲಿ ಒಲೆ ಉರಿಸಿದರೆ ಬೆಂಕಿಯ ಭಯ ಒಂದೆಡೆ, ಕಾರ್ಬನ್ ಮಾನಾಕ್ಸೈಡ್ ಇನ್ನೊಂದೆಡೆ. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನನ್ನು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಹಿಡಿದುಕೊಳ್ಳುತ್ತದೆ. ಆದ್ದರಿಂದ ಒಲೆ ಕೊಡುವವರು ಹೊಗೆಕೊಳವೆಯನ್ನೂ ಕೊಡಬೇಕು.

ಆ ಚಳಿಗಾಲದಲ್ಲಿ ಎಲ್ಲರೂ ಹೆದರಿದ್ದ ಎರಡನೆಯ ಸಾವಿನ ಅಲೆ ಬರಲಿಲ್ಲ. ಹವೆ ನಿರೀಕ್ಷೆಗಿಂತ ಸೌಮ್ಯವಾಗಿದ್ದದ್ದೂ ಅದಕ್ಕೆ ಒಂದು ಕಾರಣ. ಆದರೆ ಪ್ರತಿ ವರ್ಷವೂ ಹವೆಯನ್ನು ನಂಬುವಂತಿಲ್ಲ.

ಮುಂದೆ ಎಲ್ಲಾದರೂ ಇಂಥ ವಿಪತ್ತು ಬಂದಾಗ ನಿಮ್ಮ ಶಾಲೆ ಕಾಲೇಜುಗಳಲ್ಲೂ ಸಂಗ್ರಹ ನಡೆಯುತ್ತದೆ. 2005ರಲ್ಲಿ ಒಳ್ಳೆಯ ಮನಸ್ಸಿನಿಂದ ಕಳುಹಿಸಿದ ಹಳೆಯ ಬಟ್ಟೆಗಳು ರಸ್ತೆಬದಿಯಲ್ಲಿ ರಾಶಿಬಿದ್ದು ಮಳೆಯಲ್ಲಿ ನೆನೆದವು. ನೆನೆದ ಬಟ್ಟೆ ಏನು ಮಾಡುತ್ತದೆಂದು ನಿಮ್ಮ ಮೂರನೆಯ ಲೋಟ ಹೇಳಿದೆ. ಪೆಟ್ಟಿಗೆ ತುಂಬುವ ಮುನ್ನ ಮೂರು ಪ್ರಶ್ನೆ ಕೇಳಿ: ಅಲ್ಲಿ ಈಗ ಬೇಕಾದದ್ದು ಏನು? ಇದು ಒಣಗಿ, ವಿಂಗಡಿಸಿ, ಹೊತ್ತಿಗೆ ಮುಂಚೆ ತಲುಪುತ್ತದೆಯೇ? ತಲುಪದಿದ್ದರೆ ಹಣ ಕಳುಹಿಸುವುದು ಮೇಲಲ್ಲವೇ? ಅಲ್ಲಿಯ ಒಂದು ಕುಟುಂಬಕ್ಕೆ ಅದರಿಂದ ಒಂದು ಹಾಳೆ ತಗಡಾದರೂ ಸಿಕ್ಕೀತು.