ಮೋರ್ಯರ ಮನೆಯೂ ನಮ್ಮ ತಾತನ ಸಮಾಧಿಯೂ

ನಮ್ಮ ಹೊಣಕೆರೆ ಕಡೆ ಯಾರು ಇಟ್ಟರೆಂದು ಗೊತ್ತಿಲ್ಲದ ದೊಡ್ಡ ಕಲ್ಲೆಲ್ಲ ಪಾಂಡವರ ಲೆಕ್ಕಕ್ಕೆ ಹೋಗುತ್ತೆ. ಪಾಂಡವಪುರದ ಕುಂತಿಬೆಟ್ಟವೇ ಇದೆಯಲ್ಲ! ಹಾಗಾಗಿ ಗಂಗಾವತಿ ಹತ್ತಿರದ ಹಿರೇಬೆಣಕಲ್ ಬೆಟ್ಟದಲ್ಲಿ ತೆಗೆದ ಫೋಟೊ ತೋರಿಸಿದಾಗ ಅಜ್ಜಿ, "ಇವೂ ಪಾಂಡವ್ರ ಮನೆ ಕಣ್ಲಾ ಮಗ" ಅಂದುಬಿಟ್ಟರು. ಅಲ್ಲಿನವರು ಮೋರ್ಯರ ಮನೆ ಅಂತಾರೆ. ಮೋರ್ಯರು ಅಂದರೆ ಕುಳ್ಳರಂತೆ.

ನಿಜಕ್ಕೂ ಅವು ಎರಡು ಸಾವಿರ ವರ್ಷಕ್ಕೂ ಹಿಂದಿನ ಕಬ್ಬಿಣ ಯುಗದ ಜನ ಸತ್ತವರಿಗಾಗಿ ಕಟ್ಟಿದವು. ಬೆಟ್ಟದ ಮೇಲೆ ನೂರಾರಿವೆ. 2021ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೂ ಸೇರಿದವು. ಗಾರೆಯಿಲ್ಲ, ಬರೀ ಚಪ್ಪಡಿ: ಸುತ್ತ ನಿಲ್ಲಿಸಿದ್ದು, ಮೇಲೊಂದು ಮುಚ್ಚಿದ್ದು. ಕೆಲವಕ್ಕೆ ದುಂಡನೆಯ ಕಿಂಡಿ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಬಿದ್ದಿದ್ದೊಂದು. ಪಕ್ಕದ ಚಪ್ಪಡಿ ಮುರಿದು, ಮೇಲಿನದು ಓರೆಯಾಗಿ ನೆಲ ಕಚ್ಚಿತ್ತು. ಒಂದು ಕಲ್ಲು ಇನ್ನೊಂದರ ಭಾರ ಹೊತ್ತಿರುವಾಗ ಒಂದು ಹೋದರೆ ಎಲ್ಲ ಹೋದಂತೆ. ನಮ್ಮ ಸಾಫ್ಟ್‌ವೇರ್‌ನಲ್ಲೂ ಇದೇ ಗೋಳು, ಬಿಡಿ. ಇಂಥವನ್ನು ನಿಧಿ ಆಸೆಗೆ ಅಗೆಯೋರೂ ಕೆಡವಿದ್ದಾರೆ. 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಇಂಥದೇ ಕಾಲದ ಸಮಾಧಿಗಳನ್ನು ವೀಲರ್ ಅಗೆಸಿದಾಗ ಸಿಕ್ಕಿದ್ದು ಮೂಳೆ, ಕಪ್ಪು-ಕೆಂಪು ಮಡಕೆ, ಕಬ್ಬಿಣದ ಸಾಮಾನು, ಮಣಿ. ಕೊಪ್ಪರಿಗೆ ಹೊನ್ನಲ್ಲ.

ಐರ್ಲೆಂಡಿನ ಪೌಲ್ನಬ್ರೋನ್ ಇದಕ್ಕಿಂತ ಎಷ್ಟೋ ಹಳೆಯದು, ನವಶಿಲಾಯುಗದ್ದು. 1985ರಲ್ಲಿ ಅದರ ಒಂದು ಕಂಬಗಲ್ಲು ಬಿರುಕು ಬಿಟ್ಟಿದ್ದು ಕಂಡಿತು. ಬೀಳಲಿ ಅಂತ ಬಿಡಲಿಲ್ಲ. ಬೇರೆ ಕಲ್ಲು ಕೊಟ್ಟು ನಿಲ್ಲಿಸಿದರು. ಅದೇ ಹೊತ್ತಿನ ಉತ್ಖನನದಲ್ಲಿ ಮೂವತ್ತಕ್ಕೂ ಹೆಚ್ಚು ಜನರ ಮೂಳೆ ಸಿಕ್ಕವು. ಮಕ್ಕಳದ್ದೂ ಇದ್ದವು.

ಇದನ್ನೆಲ್ಲ ಮನೇಲಿ ಹೇಳುವಾಗ ನನಗೇ ಮುಜುಗರ. ನಮ್ಮ ಹೊಲದಲ್ಲಿರೋ ತಾತನ ಸಮಾಧಿಯ ಚಪ್ಪಡಿ ಹೋದ ವರ್ಷ ಉಳುವಾಗ ಟ್ರ್ಯಾಕ್ಟರ್ ತಾಗಿ ಜರುಗಿ ಬಿದ್ದಿದೆ. "ಸಮ ಮಾಡ್ಸಿಬಿಡಣ, ಇನ್ನೆರಡು ಸಾಲು ರಾಗಿ ಆಯ್ತದೆ" ಅಂತ ಅಪ್ಪ ಅಂದಾಗ ಹೂಂ ಅಂದಿದ್ದವನು ನಾನೇ. ಅಜ್ಜಿ ಅವತ್ತು ಎದ್ದು ಒಳಗೆ ಹೋಗಿದ್ದರು.

ಅಪ್ಪ ಫೋಟೊ ದೊಡ್ಡದು ಮಾಡಿ ನೋಡಿದರು. "ಇಷ್ಟ್ ದಪ್ಪ ಕಲ್ಲ ಎತ್ತಕೆ ಎಷ್ಟು ಜನ ಬೇಕಾಯ್ತೋ!"

ಅಜ್ಜಿ ಬತ್ತಿ ಹೊಸೆಯುತ್ತಲೇ ಅಂದರು: "ನಮ್ದುಕ್ಕೆ ನಾಕ್ ಜನ ಸಾಕು."

ಭಾನುವಾರ ಅಪ್ಪ, ಚಿಕ್ಕಪ್ಪ, ನಾನು, ಪಕ್ಕದ ಹೊಲದ ಅಣ್ಣ ಸೇರಿ ಹಾರೆ ಕೊಟ್ಟು ಎತ್ತಿದೆವು. ಒಂದು ಮೂಲೆ ಮುಕ್ಕಾಗಿದೆ, ಹಾಗೇ ಬಿಟ್ಟಿದ್ದೇವೆ.