ರಟ್ಟಿನ ಕಿಟಕಿ

ಉದ್ದನೆಯ ಒಂದು ರಟ್ಟಿನ ಪಟ್ಟಿ. ಅದರ ಮೇಲೆ ಸಾಲಾಗಿ, ಮೇಲಿನಿಂದ ಕೆಳಕ್ಕೆ ಬರೆದ ಕೆಲವು ಮಾತುಗಳು. ಪಟ್ಟಿಯ ಮೇಲೆ ಜಾರುವಂತೆ ಕೂರಿಸಿದ ಇನ್ನೊಂದು ರಟ್ಟು, ಅದರ ನಡುವೆ ಕೊರೆದ ಒಂದು ಕಿಂಡಿ. ಮೇಲಿನ ರಟ್ಟನ್ನು ಸರಿಸಿದಂತೆಲ್ಲ ಕಿಂಡಿಯಲ್ಲಿ ಬೇರೆ ಬೇರೆ ಸಾಲುಗಳು ಕಾಣುತ್ತವೆ. ಕತ್ತರಿ, ಗೋಂದು ಇದ್ದರೆ ಅರ್ಧ ಗಂಟೆಯ ಕೆಲಸ. ವಿಜ್ಞಾನದ ಮೇಷ್ಟ್ರುಗಳು ತರಗತಿಗೆ ಹಿಡಿದುಕೊಂಡು ಹೋಗುವ ಪಾಠೋಪಕರಣಗಳಲ್ಲಿ ಇಂಥವು ಬೇಕಾದಷ್ಟಿವೆ.

1990ರ ದಶಕದ ಮಧ್ಯದಲ್ಲಿ ಅಮೆರಿಕದ ಮಿಷಿಗನ್ ರಾಜ್ಯದ ಮಿಡ್‌ಲ್ಯಾಂಡ್ ಎಂಬ ಊರಿನಲ್ಲಿ ಜೋಸೆಫ್ ಓವರ್ಟನ್ ಎಂಬುವರು ಇಂಥದೇ ಒಂದು ರಟ್ಟು ಮಾಡಿಸಿದರು. ಅವರು ಮೇಷ್ಟ್ರಲ್ಲ. ವಿದ್ಯುತ್ ಎಂಜಿನಿಯರಿಂಗ್ ಓದಿ, ಆ ಊರಿನಲ್ಲೇ ಕೇಂದ್ರ ಕಚೇರಿಯಿರುವ ಡೌ ಕೆಮಿಕಲ್ ಕಂಪನಿಯಲ್ಲಿ ದುಡಿದವರು. (ಭೋಪಾಲದ ಯೂನಿಯನ್ ಕಾರ್ಬೈಡನ್ನು 2001ರಲ್ಲಿ ಕೊಂಡ ಡೌ ಇದೇ.) ಆ ನೌಕರಿ ಬಿಟ್ಟು ‘ಮ್ಯಾಕಿನಾ ಸೆಂಟರ್ ಫಾರ್ ಪಬ್ಲಿಕ್ ಪಾಲಿಸಿ’ ಎಂಬ ಸಂಸ್ಥೆಗೆ ಸೇರಿದ್ದರು. ‘ನೀವು ಮಾಡುವ ಕೆಲಸವಾದರೂ ಏನು?’ ಎಂದು ಕೇಳುವ ದಾನಿಗಳಿಗೆ ಉತ್ತರವಾಗಿ ಈ ರಟ್ಟು ಹುಟ್ಟಿತು.

ಅವರು ಕೊಟ್ಟ ಉದಾಹರಣೆ ಶಿಕ್ಷಣದ್ದು. ಪಟ್ಟಿಯ ಮೇಲ್ತುದಿಯಲ್ಲಿ, ಸರ್ಕಾರಿ ಶಾಲೆಯೇ ಬೇಡ ಎಂಬ ನಿಲುವು. ಕೆಳತುದಿಯಲ್ಲಿ, ಎಲ್ಲ ಮಕ್ಕಳೂ ಕಡ್ಡಾಯವಾಗಿ ಸರ್ಕಾರ ಹೇಳಿದ್ದನ್ನೇ ಕಲಿಯತಕ್ಕದ್ದು ಎಂಬ ನಿಲುವು. ನಡುವೆ ಮನೆಯಲ್ಲೇ ಪಾಠ, ಖಾಸಗಿ ಶಾಲೆ, ತಂದೆತಾಯಿಗಳಿಗೆ ಶಾಲೆ ಆರಿಸುವ ಅವಕಾಶ ಹೀಗೆ ಹಲವು ಮೆಟ್ಟಿಲುಗಳು. ಇವುಗಳಲ್ಲಿ ಯಾವುದೇ ಒಂದು ಕಾಲಕ್ಕೆ ಜನ ಒಪ್ಪುವಂಥವು ಎರಡೋ ಮೂರೋ ಮಾತ್ರ, ಕಿಂಡಿಯೊಳಗೆ ಕಾಣುವುದು ಅವೇ. ಚುನಾವಣೆಗೆ ನಿಲ್ಲುವವನು ಕಿಂಡಿಯಾಚೆಗಿನ ಮಾತೆತ್ತಿದರೆ ಓಟು ಹೋಗುತ್ತದೆ. ಆದ್ದರಿಂದ ರಾಜಕಾರಣಿಯ ಬೆನ್ನುಹತ್ತಿ ಪ್ರಯೋಜನವಿಲ್ಲ, ಕಿಟಕಿಯನ್ನೇ ಸರಿಸಬೇಕು. ಹಾಗೆ ಸರಿಸುವುದೇ ನಮ್ಮ ಕಸುಬು, ಅದಕ್ಕೇ ನಿಮ್ಮ ಹಣ ಎಂದು ಓವರ್ಟನ್ ದಾನಿಗಳಿಗೆ ಹೇಳುತ್ತಿದ್ದರು. ಎಡ–ಬಲ ಎಂಬ ಜಗಳ ನಡುವೆ ಬರಬಾರದೆಂದೇ ಪಟ್ಟಿಯನ್ನು ಅಡ್ಡ ಹಿಡಿಯದೆ ನೆಟ್ಟಗೆ ಹಿಡಿದರು.

2003ರ ಜೂನ್ 30ರಂದು ಅತಿ ಹಗುರವಾದ ಪುಟ್ಟ ವಿಮಾನವೊಂದು ಬಿದ್ದು ಓವರ್ಟನ್ ತೀರಿಕೊಂಡರು. ವಯಸ್ಸು 43. ‘ಓವರ್ಟನ್ ಕಿಟಕಿ’ ಎಂಬ ಹೆಸರನ್ನು ಆಮೇಲೆ ಸಹೋದ್ಯೋಗಿಗಳು ಇಟ್ಟರು. ಇಂದು ಆ ಮಾತನ್ನು ಎಡದವರೂ ಬಲದವರೂ ಬಳಸುತ್ತಾರೆ. ಅದು ಹುಟ್ಟಿದ್ದು ದೇಣಿಗೆ ಎತ್ತಲು ಎಂಬುದು ಮಾತ್ರ ಹಲವರಿಗೆ ಗೊತ್ತಿಲ್ಲ.

‘ಥಿಂಕ್ ಟ್ಯಾಂಕ್’ ಎಂಬುದಕ್ಕೆ ನಮ್ಮಲ್ಲಿ ಚಿಂತಕರ ಚಾವಡಿ ಎಂಬ ಚೆಂದದ ಹೆಸರಿದೆ. ವಿಧಾನ ಪರಿಷತ್ತಿಗೂ ಇದೇ ಬಿರುದು, ಅದು ಎಷ್ಟು ಒಪ್ಪುತ್ತದೆ ಎಂಬುದು ಬೇರೆ ವಿಷಯ. ಇಲ್ಲಿ ಹೇಳುತ್ತಿರುವ ಚಾವಡಿ ಚುನಾಯಿತವಲ್ಲ, ಸರ್ಕಾರಿಯೂ ಅಲ್ಲ. ದಾನದ ಹಣದಿಂದ ನಡೆಯುವ, ತೆರಿಗೆ ವಿನಾಯಿತಿಯುಳ್ಳ ಖಾಸಗಿ ಸಂಸ್ಥೆ. ಇದರ ಬೇರು ಹುಡುಕುತ್ತ ಹೋದರೆ ಕೋಳಿ ಫಾರಂ ಸಿಗುತ್ತದೆ! ಇಂಗ್ಲೆಂಡಿನ ಆಂಟನಿ ಫಿಷರ್ ಎಂಬುವರು ಎರಡನೆಯ ಮಹಾಯುದ್ಧ ಮುಗಿದ ವರ್ಷ ಅರ್ಥಶಾಸ್ತ್ರಜ್ಞ ಹಯೆಕ್ ಅವರನ್ನು ಕಂಡು, ರಾಜಕೀಯಕ್ಕೆ ಇಳಿಯಲೇ ಎಂದು ಕೇಳಿದರಂತೆ. ಬೇಡ, ಮೊದಲು ವಿಚಾರವಂತರ ಮನಸ್ಸು ಬದಲಿಸು ಎಂದು ಹಯೆಕ್ ಸಲಹೆಯಿತ್ತರು. ಫಿಷರ್ ಕೋಳಿ ಸಾಕಣೆಯಲ್ಲಿ ಹಣ ಮಾಡಿ, 1955ರಲ್ಲಿ ಲಂಡನ್ನಿನಲ್ಲಿ ಮುಕ್ತ ಮಾರುಕಟ್ಟೆಯ ಪರವಾದ ಒಂದು ಸಂಸ್ಥೆ ಕಟ್ಟಿದರು. ಅಮೆರಿಕದಲ್ಲಿ 1973ರಲ್ಲಿ ಹೆರಿಟೇಜ್ ಫೌಂಡೇಷನ್ ಬಂತು. ಆದರೆ ಅದರ ಕಣ್ಣು ವಾಷಿಂಗ್ಟನ್ ಮೇಲೆ. ಶಾಲೆ, ಪೊಲೀಸು, ರಸ್ತೆ, ಕಾರ್ಮಿಕ ಕಾನೂನಿನ ಬಹುಪಾಲು ಇರುವುದು ಆಯಾ ರಾಜ್ಯಗಳ ಕೈಯಲ್ಲಲ್ಲವೇ? ಹಾಗಾಗಿ ರಾಜ್ಯಕ್ಕೊಂದು ಚಾವಡಿ ಎಂಬ ಯೋಚನೆ ಬೆಳೆಯಿತು. 1987ರಲ್ಲಿ ಸ್ಥಾಪನೆಯಾದ ಮ್ಯಾಕಿನಾ ಕೇಂದ್ರ ಈ ಸಾಲಿನ ಹಿರಿಯರಲ್ಲಿ ಒಂದು. ಇಂಥವನ್ನೆಲ್ಲ ಒಂದು ಜಾಲಕ್ಕೆ ಸೇರಿಸುವ ಸ್ಟೇಟ್ ಪಾಲಿಸಿ ನೆಟ್‌ವರ್ಕ್ 1992ರಲ್ಲಿ ಆಯಿತು. ಇಂದು ಐವತ್ತೂ ರಾಜ್ಯಗಳಲ್ಲಿ ಅದಕ್ಕೆ ಬಳಗವಿದೆ.

ಹೊರಗಿನವರು ಇವನ್ನು ಸಂಪ್ರದಾಯವಾದಿ ಎಂದು ಕರೆದರೆ, ಮ್ಯಾಕಿನಾದವರು ತಮ್ಮನ್ನು ಮುಕ್ತ ಮಾರುಕಟ್ಟೆಯವರು ಎಂದುಕೊಳ್ಳುತ್ತಾರೆ.

ಕಿಟಕಿ ಸರಿಯುವುದು ನಮಗೂ ಹೊಸದಲ್ಲ. ಮಂಗಳೂರು ಕಡೆಯ ಬೆಳ್ಳಿಕೋತ್ ರಘುನಾಥ ಶೆಣೈ ಅವರನ್ನು ನೆನೆಯಿರಿ. ಹಯೆಕ್ ಕಟ್ಟಿದ ಮೋಂಟ್ ಪೆಲೆರಿನ್ ಸೊಸೈಟಿಯ ಸದಸ್ಯರಾಗಿದ್ದವರು. 1955ರಲ್ಲಿ ಎರಡನೆಯ ಪಂಚವಾರ್ಷಿಕ ಯೋಜನೆಗಾಗಿ ನೇಮಿಸಿದ್ದ ಅರ್ಥಶಾಸ್ತ್ರಜ್ಞರ ಮಂಡಲಿಯಲ್ಲಿ ಇವರೊಬ್ಬರೇ ಭಿನ್ನಮತದ ಟಿಪ್ಪಣಿ ಬರೆದರು. ಕೊರತೆ ಹಣಕಾಸು ಬೇಡ, ನಿಯಂತ್ರಣ ಕಡಿಮೆ ಮಾಡಿ ಎಂದರು. ಯಾರೂ ಕೇಳಲಿಲ್ಲ. 1978ರಲ್ಲಿ ತೀರಿಕೊಂಡರು. ಅವರ ಮಾತುಗಳಲ್ಲಿ ಕೆಲವು 1991ರಲ್ಲಿ ಸರ್ಕಾರದ ನೀತಿಯೇ ಆಗಿಬಿಟ್ಟವು. ಅವರ ಕೈಯಲ್ಲಿ ರಟ್ಟೂ ಇರಲಿಲ್ಲ, ದಾನಿಗಳೂ ಇರಲಿಲ್ಲ. ವಿದೇಶಿ ವಿನಿಮಯದ ಬಿಕ್ಕಟ್ಟು ಬಂದು ಕಿಟಕಿಯನ್ನು ಒಂದೇ ಏಟಿಗೆ ಸರಿಸಿತು.

ಮಿಷಿಗನ್ನಿನ ಕಿಟಕಿ ಅಷ್ಟು ಸುಲಭದ್ದಲ್ಲ. ಮೋಟಾರು ಕಾರಿನ ರಾಜ್ಯವದು. 1936ರ ಡಿಸೆಂಬರ್ 30ರಂದು ಫ್ಲಿಂಟ್ ಊರಿನಲ್ಲಿ ಜನರಲ್ ಮೋಟಾರ್ಸ್ ಕಾರ್ಮಿಕರು ಕಾರ್ಖಾನೆಯೊಳಗೇ ಕುಳಿತು ಮುಷ್ಕರ ಹೂಡಿದರು. 44 ದಿನ, ಆ ಕೊರೆವ ಚಳಿಯಲ್ಲಿ. ಕಂಪನಿ ಕೊನೆಗೆ ಸಂಘಕ್ಕೆ ಮಾನ್ಯತೆ ಕೊಟ್ಟಿತು. ಅಂಥ ರಾಜ್ಯದಲ್ಲಿ ಕಾರ್ಮಿಕ ಸಂಘದ ಹುರಿ ಸಡಿಲಿಸುವ ಕಾನೂನಿನ ಮಾತೆತ್ತುವುದೇ ಹುಚ್ಚುತನ ಎಂದು ಬಹುಕಾಲ ಎಲ್ಲರೂ ಎಣಿಸಿದ್ದರು. ಮ್ಯಾಕಿನಾ ಕೇಂದ್ರ ಎತ್ತಿದ್ದು ಅದೇ ಮಾತನ್ನು.

ಆ ಕಾನೂನಿನ ಹೆಸರು ‘ರೈಟ್ ಟು ವರ್ಕ್’. ಕೆಲಸದ ಹಕ್ಕು ಎಂದು ಕನ್ನಡಿಸಿದರೆ ಮೋಸಹೋಗುತ್ತೇವೆ. ನಮ್ಮ ಸಂವಿಧಾನದ 41ನೇ ವಿಧಿಯಲ್ಲಿ ಆ ಮಾತಿಗಿರುವ ಅರ್ಥ, ಕೆಲಸ ಸಿಗುವಂತೆ ಸರ್ಕಾರ ನೋಡಿಕೊಳ್ಳಬೇಕು ಎಂದು. ಅಮೆರಿಕದಲ್ಲಿ ಅದರ ಅರ್ಥವೇ ಬೇರೆ: ಸಂಘ ಮಾತಾಡಿ ತಂದ ಸಂಬಳ, ಸವಲತ್ತು ಪಡೆಯುವವನು ಸಂಘಕ್ಕೆ ಚಂದಾ ಕೊಡಲೇಬೇಕೆಂದು ಕಟ್ಟಳೆ ಮಾಡುವಂತಿಲ್ಲ ಎಂಬುದು. ಇಂಥ ಕಾನೂನು ತರಲು 1947ರ ಟಾಫ್ಟ್–ಹಾರ್ಟ್ಲಿ ಕಾಯಿದೆ ರಾಜ್ಯಗಳಿಗೆ ಅವಕಾಶ ಕೊಟ್ಟಿತು. ಬಲವಂತದ ಚಂದಾ ಅನ್ಯಾಯ ಎಂದು ಒಂದು ಕಡೆ. ಬಿಟ್ಟಿ ಊಟಕ್ಕೆ ಬರುವವರನ್ನು ಸಾಕುತ್ತ ಹೋದರೆ ಸಂಘವೇ ಉಳಿಯದು ಎಂದು ಇನ್ನೊಂದು ಕಡೆ. ಶಿಕ್ಷಕರ ಸಂಘಕ್ಕೆ ವರ್ಷ ವರ್ಷ ಚಂದಾ ಕಟ್ಟುವ, ಕಟ್ಟುವಾಗಲೆಲ್ಲ ಗೊಣಗುವ ನನಗೆ ಎರಡೂ ಅರ್ಥವಾಗುತ್ತವೆ.

ಕೇಂದ್ರದವರು ವರ್ಷಗಟ್ಟಲೆ ವರದಿ, ಲೇಖನ, ಭಾಷಣಗಳ ಮೂಲಕ ಒಂದೇ ಮಾತನ್ನು ಹೇಳಿದರು: ಈ ಕಾನೂನಿರುವ ರಾಜ್ಯಗಳು ಬೇಗ ಬೆಳೆಯುತ್ತಿವೆ. ಅಂಕಿಅಂಶಗಳನ್ನೂ ಕೊಟ್ಟರು. ಇಲ್ಲಿ ಮೇಷ್ಟ್ರ ಬುದ್ಧಿ ಸ್ವಲ್ಪ ಎಚ್ಚರಗೊಳ್ಳುತ್ತದೆ. ಆ ರಾಜ್ಯಗಳಲ್ಲಿ ಬಹಳಷ್ಟು ದಕ್ಷಿಣದವು. ಅಲ್ಲಿ ಜಮೀನು ಅಗ್ಗ, ಹಿಮ ಕಡಿಮೆ, ಹವಾನಿಯಂತ್ರಣ ಬಂದ ಮೇಲೆ ಜನ ಅತ್ತ ವಲಸೆ ಹೋದರು. ಇಷ್ಟೆಲ್ಲ ಒಟ್ಟಿಗೆ ಬದಲಾಗುತ್ತಿರುವಾಗ ಬೆಳವಣಿಗೆಯ ಕಾರಣ ಕಾನೂನೊಂದೇ ಎನ್ನಲು ಬೇಕಾದ ಪ್ರಯೋಗ ಎಲ್ಲಿದೆ? ಇತ್ತ ವಾಷಿಂಗ್ಟನ್ನಿನ ಎಕನಾಮಿಕ್ ಪಾಲಿಸಿ ಇನ್‌ಸ್ಟಿಟ್ಯೂಟ್, ಈ ಕಾನೂನಿರುವಲ್ಲಿ ಸಂಬಳ ಸುಮಾರು ನೂರಕ್ಕೆ 3ರಷ್ಟು ಕಡಿಮೆ ಎಂದು ಲೆಕ್ಕ ಹಾಕಿತು. ಅದಕ್ಕೆ ಬರುವ ಹಣದಲ್ಲಿ ಒಂದು ಪಾಲು ಕಾರ್ಮಿಕ ಸಂಘಗಳದು! ಪ್ರಯೋಗದ ದಾಖಲೆ ಪುಸ್ತಕದಲ್ಲಿ ತೀರ್ಮಾನವನ್ನು ಮೊದಲೇ ಬರೆದು, ಆಮೇಲೆ ಅದಕ್ಕೆ ಹೊಂದುವ ಅಳತೆಗಳನ್ನು ತುಂಬುವ ಹುಡುಗರು ಪ್ರತಿ ವರ್ಷ ನಾಲ್ಕಾರು ಮಂದಿ ಸಿಗುತ್ತಾರೆ. ಅಂಥ ಪುಸ್ತಕ ಬಹಳ ಚೊಕ್ಕಟವಾಗಿರುತ್ತದೆ.

ಶಿಕ್ಷಕರೊಡನೆ ಕೇಂದ್ರಕ್ಕೆ ಹಳೆಯ ಜಗಳ. 2001ರಲ್ಲಿ ರಾಜ್ಯದ ದೊಡ್ಡ ಶಿಕ್ಷಕರ ಸಂಘವಾದ ಮಿಷಿಗನ್ ಎಜುಕೇಷನ್ ಅಸೋಸಿಯೇಷನ್ ಅಧ್ಯಕ್ಷರು ಪತ್ರಿಕಾಗೋಷ್ಠಿಯಲ್ಲಿ, ಮ್ಯಾಕಿನಾದವರು ಮಾಡಿರುವುದನ್ನು ಕಂಡರೆ ಮೆಚ್ಚುಗೆಯಾಗುತ್ತದೆ ಎಂಬರ್ಥದ ಮಾತಾಡಿದರು. ಕೇಂದ್ರ ಅದನ್ನು ತನ್ನ ದೇಣಿಗೆಯ ಮನವಿ ಪತ್ರದಲ್ಲಿ ಅಚ್ಚುಹಾಕಿತು. ಸಂಘ ಕೋರ್ಟಿಗೆ ಹೋಯಿತು. 2004ರಲ್ಲಿ ಮೇಲ್ಮನವಿ ನ್ಯಾಯಾಲಯದ ತೀರ್ಪು ಕೇಂದ್ರದ ಪರವಾಗಿ ಬಂತು. ಶತ್ರುವನ್ನು ಹೊಗಳುವ ಮುನ್ನ ಯಾರ ಮುಂದೆ ಎಂದು ನೋಡಿಕೊಳ್ಳಬೇಕಿತ್ತು.

ಈ ಪ್ರಸಂಗದಲ್ಲಿ ನಗು ಬರುತ್ತದೆ. ಮುಂದಿನದರಲ್ಲಿ ಬರುವುದಿಲ್ಲ. 2011ರ ಮಾರ್ಚ್‌ನಲ್ಲಿ ಪಕ್ಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಸರ್ಕಾರಿ ನೌಕರರ ಸಂಘಗಳ ಹಕ್ಕು ಮೊಟಕು ಮಾಡಿದ್ದಕ್ಕೆ ದೊಡ್ಡ ಚಳವಳಿ ನಡೆದಿತ್ತು. ಆಗ ಮ್ಯಾಕಿನಾ ಕೇಂದ್ರ, ಮಿಷಿಗನ್ನಿನ ಮೂರು ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಕಾರ್ಮಿಕ ಅಧ್ಯಯನ ಕಲಿಸುವ ಪ್ರಾಧ್ಯಾಪಕರ ಇ–ಮೇಲ್‌ಗಳಲ್ಲಿ ವಿಸ್ಕಾನ್ಸಿನ್ ಹೆಸರಿದ್ದರೆ ಅವನ್ನು ಕೊಡಿ ಎಂದು ಮಾಹಿತಿ ಕಾಯಿದೆಯಡಿ ಅರ್ಜಿ ಹಾಕಿತು. ಕಾನೂನಿನ ಪ್ರಕಾರ ಅದು ಅದರ ಹಕ್ಕು, ಜನರ ತೆರಿಗೆಯಿಂದ ನಡೆಯುವ ಸಂಸ್ಥೆ ಉತ್ತರ ಕೊಡಬೇಕಾದ್ದೇ. ಆದರೆ ಅದೇ ಕೇಂದ್ರ ತನಗೆ ಹಣ ಕೊಟ್ಟವರ ಹೆಸರು ಹೇಳುವುದಿಲ್ಲ. ಅದೂ ಕಾನೂನಿನ ಪ್ರಕಾರವೇ. ಕೊಡುವ ಪ್ರತಿಷ್ಠಾನಗಳು ತಮ್ಮ ತೆರಿಗೆ ಪತ್ರದಲ್ಲಿ ಬರೆಯಬೇಕಾದ್ದರಿಂದ ಆಮ್ವೇ ಖ್ಯಾತಿಯ ಡೆವೊಸ್ ಕುಟುಂಬದಂಥ ಕೆಲವು ಹೆಸರುಗಳು ಹೊರಬಿದ್ದಿವೆ. ಮೇಷ್ಟ್ರ ಪತ್ರ ಎಲ್ಲರೂ ಓದಬಹುದು, ಧಣಿಯ ಚೆಕ್ಕನ್ನು ಯಾರೂ ನೋಡುವಂತಿಲ್ಲ ಎಂಬ ಈ ಏರ್ಪಾಡು ನನಗೆ ಒಪ್ಪಿಗೆಯಾಗುವುದಿಲ್ಲ.

ಇನ್ನು 2012. ಫೆಬ್ರುವರಿಯಲ್ಲಿ ನೆರೆಯ ಇಂಡಿಯಾನಾ ರಾಜ್ಯ ‘ಕೆಲಸದ ಹಕ್ಕು’ ಕಾನೂನು ತಂದಿತು. ಹೆದರಿದ ಸಂಘಗಳು ಮಿಷಿಗನ್ನಿನಲ್ಲಿ ತಮ್ಮ ಹಕ್ಕನ್ನು ರಾಜ್ಯ ಸಂವಿಧಾನದಲ್ಲೇ ಸೇರಿಸಬೇಕೆಂದು ನವೆಂಬರಿನಲ್ಲಿ ಜನಮತಕ್ಕೆ ಹೋದವು. ನೂರಕ್ಕೆ 57 ಮಂದಿ ಬೇಡ ಎಂದರು. ಈ ಕಾನೂನು ತನ್ನ ಕಾರ್ಯಸೂಚಿಯಲ್ಲಿಲ್ಲ ಎನ್ನುತ್ತಿದ್ದ ಗವರ್ನರ್ ರಿಕ್ ಸ್ನೈಡರ್ ಡಿಸೆಂಬರ್ 6ರಂದು ರಾಗ ಬದಲಿಸಿದರು. 11ನೇ ತಾರೀಕು, ಲ್ಯಾನ್ಸಿಂಗ್ ನಗರದ ಶಾಸನಸಭೆಯ ಹೊರಗೆ ಸಾವಿರಾರು ಕಾರ್ಮಿಕರು ಕೂಗುತ್ತಿದ್ದಂತೆಯೇ ಮಸೂದೆ ಪಾಸಾಯಿತು, ಸಹಿಯೂ ಬಿತ್ತು. ಮಿಷಿಗನ್ 24ನೇ ರಾಜ್ಯವಾಯಿತು.

ಕಿಟಕಿ ಸರಿದಿತ್ತು ಎಂದು ಓವರ್ಟನ್ನರ ಶಿಷ್ಯರು ಹೇಳಬಹುದು. ಆದರೆ ಒಂದು ಸಣ್ಣ ಸಂಗತಿಯಿದೆ. ಮಸೂದೆಗೆ ಹತ್ತು ಲಕ್ಷ ಡಾಲರ್ ವೆಚ್ಚದ ಒಂದು ಬಾಲ ಅಂಟಿಸಿದ್ದರು. ಹಣ ಮಂಜೂರಾತಿಯಿರುವ ಕಾನೂನನ್ನು ಮಿಷಿಗನ್ನಿನಲ್ಲಿ ಜನಮತಕ್ಕೆ ಒಯ್ಯುವಂತಿಲ್ಲ. ಜನರ ಮನಸ್ಸು ನಿಜಕ್ಕೂ ಬದಲಾಗಿದ್ದರೆ ಜನರನ್ನು ಕೇಳಲು ಭಯವೇಕೆ?

ಹತ್ತು ವರ್ಷದಲ್ಲಿ ಸಂಘಗಳ ಸದಸ್ಯತ್ವ ನೂರಕ್ಕೆ 16.6ರಿಂದ 14ಕ್ಕೆ ಇಳಿಯಿತು. ಕಾನೂನಿಲ್ಲದ ರಾಜ್ಯಗಳಲ್ಲೂ ಇಳಿಯುತ್ತಲೇ ಇತ್ತು, ಆದ್ದರಿಂದ ಇದನ್ನೂ ಎರಡೂ ಕಡೆಯವರು ತಮಗೆ ಬೇಕಾದಂತೆ ಓದುತ್ತಾರೆ. 2022ರ ಚುನಾವಣೆಯಲ್ಲಿ ಡೆಮಾಕ್ರಟಿಕ್ ಪಕ್ಷ ಎರಡೂ ಸದನಗಳನ್ನು ಗೆದ್ದಿತು. 2023ರ ಮಾರ್ಚ್ 24ರಂದು ಗವರ್ನರ್ ಗ್ರೆಚೆನ್ ವಿಟ್ಮರ್ ಕಾನೂನನ್ನು ರದ್ದುಮಾಡಿದರು. ಇಂಥ ಕಾನೂನನ್ನು ಒಂದು ರಾಜ್ಯ ಹಿಂತೆಗೆದುಕೊಂಡದ್ದು 1965ರ ನಂತರ ಇದೇ ಮೊದಲು. ಈ ಸಲದ ಮಸೂದೆಗೂ ಹಣ ಮಂಜೂರಾತಿಯ ಅದೇ ಬಾಲ! ಹಿಂದಿನವರು ಕಲಿಸಿದ ಪಾಠವನ್ನು ಇವರು ಒಂದಕ್ಷರ ಬಿಡದೆ ಒಪ್ಪಿಸಿದರು.

ಆದರೂ ಮ್ಯಾಕಿನಾ ಕೇಂದ್ರ ಪೂರ್ತಿ ಸೋತಿಲ್ಲ. 1977ರಲ್ಲಿ ಡೆಟ್ರಾಯಿಟ್ ನಗರದ ಶಾಲಾ ಶಿಕ್ಷಕರ ಮೊಕದ್ದಮೆಯೊಂದರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಸರ್ಕಾರಿ ನೌಕರರಿಂದ ಸಂಘಗಳು ಇಂಥ ಶುಲ್ಕ ಪಡೆಯಬಹುದು ಎಂದಿತ್ತು. 2018ರ ಜೂನ್ 27ರಂದು ಅದೇ ಕೋರ್ಟು ಐದು–ನಾಲ್ಕರ ಬಹುಮತದಿಂದ ಆ ತೀರ್ಪನ್ನು ತಳ್ಳಿಹಾಕಿತು. ಆ ಮೊಕದ್ದಮೆ ನಡೆಸಿದ್ದರಲ್ಲಿ ಇಲಿನಾಯ್ ರಾಜ್ಯದ ಇಂಥದೇ ಚಾವಡಿಯ ಕಾನೂನು ಅಂಗ ಪಾಲುದಾರ. ಕೇಂದ್ರದ ಕೋರ್ಟು ಹೇಳಿದ ಮೇಲೆ ರಾಜ್ಯದ ಶಾಸನಸಭೆ ಏನು ಮಾಡೀತು? 2024ರ ಫೆಬ್ರುವರಿ 13ರಂದು ಮಿಷಿಗನ್ನಿನ ಕಾರ್ಖಾನೆಗಳಿಗೆ ಹಳೆಯ ಕಟ್ಟಳೆ ಮರಳಿತು. ಶಾಲೆಗಳಿಗೆ ಮರಳಲಿಲ್ಲ.